ಕದಲದವರನ್ನೂ ದಾಟಿಹೋದ ಗೆರೆ: ಕೊರಿಯಾದ ಗಡಿಗುಂಟ ಐದು ದಿನ

ಮೊದಲ ದಿನ: ಸೋಲ್

ಮೂವತ್ತು ವರ್ಷ ಭೂಮಾಪನ ಇಲಾಖೆಯಲ್ಲಿ ಸರಪಳಿ ಹಿಡಿದು ಓಡಾಡಿದ ನನ್ನಂಥವನಿಗೆ ಗಡಿ ಎಂದರೆ ಒಂದು ಬಾಂದು ಕಲ್ಲು, ಒಂದು ಹದ್ದುಬಸ್ತಿನ ಅರ್ಜಿ ಮತ್ತು ಆ ಅರ್ಜಿಯ ಹಿಂದೆ ಮುಖ ತಿರುಗಿಸಿಕೊಂಡು ನಿಂತಿರುವ ಇಬ್ಬರು ಅಣ್ಣತಮ್ಮಂದಿರು. ನಿವೃತ್ತಿಯಾದ ಮೇಲೆ ಒಂದು ಮಳೆಗಾಲದಲ್ಲಿ ಮಡಿಕೇರಿಯ ‘ಸನ್ನಿ ಸೈಡ್’ ನೋಡಲು ಹೋಗಿದ್ದೆ. ಜನರಲ್ ಕೆ. ಎಸ್. ತಿಮ್ಮಯ್ಯನವರ ಬಾಲ್ಯದ ಮನೆ ಅದು, 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿ ಅವರ ಸೇನಾ ಬದುಕಿನ ಒಂದೊಂದು ಘಟ್ಟವನ್ನೂ ನೋಡುತ್ತ ಹೋಗುವಾಗ ಕೊರಿಯಾ ಎಂಬ ಹೆಸರು ಕಣ್ಣಿಗೆ ಬಿದ್ದು, ಕೊಡಗಿನ ಒಬ್ಬ ಮನುಷ್ಯ ಆ ದೂರದ ದಾಯಾದಿ ಜಗಳದ ನಡುಮನೆಯಲ್ಲಿ ಹೋಗಿ ಕೂತದ್ದು ಹೇಗೆ ಎಂಬ ಪ್ರಶ್ನೆ ಅಂದಿನಿಂದ ತಲೆಯಲ್ಲಿ ಉಳಿದುಬಿಟ್ಟಿತು. ಸುವೊನ್ ನಗರದ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿರುವ ಅಕ್ಕನ ಮಗ, ‘ಬನ್ನಿ ಮಾಮ, ರಜೆ ಹಾಕುತ್ತೇನೆ, ಪಶ್ಚಿಮದಿಂದ ಪೂರ್ವದ ಕಡಲಿನವರೆಗೆ ಗಡಿಯ ಬದಿಯಲ್ಲೇ ಕಾರು ಓಡಿಸೋಣ’ ಎಂದು ಕರೆದದ್ದೇ ನೆಪವಾಗಿ 2025ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಹೊರಟೆ.

ಮೊದಲ ದಿನ ಸೋಲ್‌ನ ಯುದ್ಧ ಸ್ಮಾರಕಕ್ಕೆ ಹೋದೆವು. ಅಂಗಳದಲ್ಲಿ ಗುಮ್ಮಟದಾಕಾರದ ಪೀಠದ ಮೇಲೆ ಇಬ್ಬರು ಸೈನಿಕರು ತಬ್ಬಿಕೊಂಡಿರುವ ದೊಡ್ಡ ಪ್ರತಿಮೆಯಿದೆ. ದೊಡ್ಡವನು ದಕ್ಷಿಣದ ಸೈನಿಕನಾಗಿದ್ದ ಅಣ್ಣ, ಸಣ್ಣವನು ಉತ್ತರದ ಸೈನಿಕನಾಗಿದ್ದ ತಮ್ಮ. ಯಾರು ಅಣ್ಣ, ಯಾರು ತಮ್ಮ ಎಂಬುದನ್ನು ಪ್ರತಿಮೆ ನಿಲ್ಲಿಸಿದವರೇ ತೀರ್ಮಾನಿಸಿಬಿಟ್ಟಿರುವುದು ನನ್ನ ವೃತ್ತಿಯ ಕಣ್ಣಿಗೆ ಕಾಣದೆ ಹೋಗಲಿಲ್ಲ.

ಆದರೆ ಈ ಪಾಲನ್ನು ಅಣ್ಣತಮ್ಮಂದಿರು ಕೇಳಿ ಮಾಡಿಸಿಕೊಂಡದ್ದಲ್ಲ. ಶತಮಾನಗಳ ಕಾಲ ಒಂದೇ ರಾಜ್ಯವಾಗಿದ್ದು, 1910ರಿಂದ ಜಪಾನಿನ ಆಳ್ವಿಕೆಯಲ್ಲಿ ನಲುಗಿದ್ದ ಕೊರಿಯಾವನ್ನು, 1945ರ ಆಗಸ್ಟ್ 10ರ ರಾತ್ರಿ ವಾಷಿಂಗ್ಟನ್‌ನ ಒಂದು ಕಚೇರಿಯಲ್ಲಿ ಡೀನ್ ರಸ್ಕ್ ಮತ್ತು ಚಾರ್ಲ್ಸ್ ಬೋನ್‌ಸ್ಟೀಲ್ ಎಂಬ ಇಬ್ಬರು ಅಮೆರಿಕನ್ ಸೇನಾಧಿಕಾರಿಗಳು ಅರ್ಧ ಗಂಟೆಯಲ್ಲಿ ಎರಡು ಮಾಡಿದರು. ಅವರ ಮುಂದಿದ್ದದ್ದು ನ್ಯಾಷನಲ್ ಜಿಯಾಗ್ರಫಿಕ್ ಸಂಸ್ಥೆಯ ಒಂದು ನಕ್ಷೆ. ಸೋಲ್ ತಮ್ಮ ಪಾಲಿಗೆ ಉಳಿಯಬೇಕು, ಸೋವಿಯೆತ್ ಒಕ್ಕೂಟವೂ ಒಪ್ಪಬೇಕು ಎಂಬ ಎರಡೇ ಲೆಕ್ಕದಲ್ಲಿ 38ನೇ ಅಕ್ಷಾಂಶವನ್ನು ಆರಿಸಿದರು. ಮಾಸ್ಕೋ ತಕರಾರಿಲ್ಲದೆ ಒಪ್ಪಿತು. ನಮ್ಮಲ್ಲಿ ಒಂದು ಎಕರೆ ಪೋಡಿ ಮಾಡುವುದಕ್ಕೂ ಅಕ್ಕಪಕ್ಕದ ಖಾತೆದಾರರಿಗೆ ನೋಟಿಸು ಕೊಡಬೇಕು, ಅವರ ಎದುರಿನಲ್ಲೇ ಅಳೆಯಬೇಕು. ಇಲ್ಲಿ 12 ನದಿ, 6 ರೈಲು ಮಾರ್ಗ ಮತ್ತು 181 ಗಾಡಿದಾರಿಗಳನ್ನು ಕತ್ತರಿಸಿದ ಗೆರೆಗೆ ಒಬ್ಬ ಕೊರಿಯನ್ನನ ಸಹಿಯೂ ಇರಲಿಲ್ಲ. ಜಪಾನೀ ಸೈನಿಕರ ಶರಣಾಗತಿಯನ್ನು ಉತ್ತರದಲ್ಲಿ ಸೋವಿಯೆತ್ ಪಡೆ, ದಕ್ಷಿಣದಲ್ಲಿ ಅಮೆರಿಕದ ಪಡೆ ಸ್ವೀಕರಿಸಲಿ ಎಂಬ ತಾತ್ಕಾಲಿಕ ಏರ್ಪಾಡು ಅದು. ತಾತ್ಕಾಲಿಕ ಎಂದು ನೆಟ್ಟ ಗೂಟವೇ ಕಾಲಾಂತರದಲ್ಲಿ ಬಾಂದು ಕಲ್ಲಾಗುವುದನ್ನು ನಾನು ಎಷ್ಟೋ ಹಳ್ಳಿಗಳಲ್ಲಿ ಕಂಡಿದ್ದೇನೆ. 1948ರಲ್ಲಿ ವಿಶ್ವಸಂಸ್ಥೆಯ ಉಸ್ತುವಾರಿಯ ಚುನಾವಣೆ ದಕ್ಷಿಣದಲ್ಲಷ್ಟೇ ನಡೆದು, ಅದೇ ವರ್ಷ ಒಂದು ನೆಲದ ಮೇಲೆ ಎರಡು ಸರ್ಕಾರಗಳು ಸ್ಥಾಪನೆಯಾದವು. ಇಡೀ ಕೊರಿಯಾ ತನ್ನದೇ ಎಂದು ಎರಡೂ ಹೇಳಿಕೊಂಡವು. ಎರಡೇ ವರ್ಷಕ್ಕೆ ಅವುಗಳ ನಡುವೆ ಹತ್ತಿದ ಯುದ್ಧ 1953ರ ಕದನವಿರಾಮದವರೆಗೆ ನಡೆಯಿತು.

ಎರಡನೇ ದಿನ: ಇಮ್ಜಿನ್ ನದಿಯ ದಂಡೆ

ಸೋಲ್‌ನಿಂದ ವಾಯವ್ಯಕ್ಕೆ ಹೊರಟರೆ ಒಂದು ಗಂಟೆಯೊಳಗೆ ಹೆದ್ದಾರಿಯ ಎಡಕ್ಕೆ ಮುಳ್ಳುತಂತಿ ಶುರುವಾಗುತ್ತದೆ. ಅದರಾಚೆ ನದಿ, ಅಲ್ಲಲ್ಲಿ ಕಾವಲು ಗೋಪುರ. ಈಚೆ ಬಹುಮಹಡಿ ವಸತಿ ಕಟ್ಟಡಗಳು, ಕಾಫಿ ಅಂಗಡಿಗಳು. ರಾಜಧಾನಿಗೆ ಗಡಿ ಇಷ್ಟು ಹತ್ತಿರವಿದೆ ಎಂಬುದು ನಕ್ಷೆಯಲ್ಲಿ ನೋಡಿ ಗೊತ್ತಿದ್ದರೂ, ಬೆಳಗಿನ ತಿಂಡಿ ಅರಗುವ ಮೊದಲೇ ಅಲ್ಲಿ ಇಳಿದಾಗಲಷ್ಟೇ ಮನಸ್ಸಿಗೆ ತಟ್ಟುತ್ತದೆ.

ಇಮ್ಜಿನ್‌ಗಾಕ್ ಎಂಬ ಈ ಜಾಗವನ್ನು 1972ರಲ್ಲಿ, ಉತ್ತರದಿಂದ ಬಂದು ಹಿಂದಿರುಗಲಾರದೆ ಉಳಿದವರ ಸಲುವಾಗಿ ಕಟ್ಟಿದರು. ಇಲ್ಲಿ ‘ಮಾಂಗ್‌ಬೇದಾನ್’ ಎಂಬ ಕಲ್ಲಿನ ವೇದಿಕೆಯಿದೆ. ಛೂಸೊಕ್ ಹಬ್ಬದ ದಿನ ಪೂರ್ವಜರ ಸಮಾಧಿಗೆ ಹೋಗಿ ಎಡೆಯಿಟ್ಟು ಅಡ್ಡಬೀಳುವುದು ಕೊರಿಯನ್ನರ ಪದ್ಧತಿ. ಸಮಾಧಿ ಆಚೆಗಿದ್ದವರು ಇಲ್ಲಿಯೇ ಉತ್ತರಕ್ಕೆ ಮುಖಮಾಡಿ ಅಡ್ಡಬೀಳುತ್ತಾರೆ. ನಮ್ಮ ಮಹಾಲಯ ಅಮಾವಾಸ್ಯೆಯ ಆಸುಪಾಸಿನಲ್ಲೇ ಈ ಹಬ್ಬವೂ ಬರುತ್ತದೆ. ನಾವು ಹೋದಾಗ ಹಬ್ಬಕ್ಕೆ ಇನ್ನೂ ಒಂದು ವಾರವಿತ್ತು. ಆದರೂ ಕೋಟು ತೊಟ್ಟ ಮುದುಕರೊಬ್ಬರು ಒಂದು ಸೇಬು, ಒಂದು ಸಣ್ಣ ಬಾಟಲಿ ಮದ್ಯ ಇಟ್ಟು, ಮೊಣಕಾಲೂರಿ ಎರಡು ಸಲ ಬಗ್ಗಿ, ಯಾರನ್ನೂ ನೋಡದೆ ಹೊರಟುಹೋದರು.

ಪಕ್ಕದಲ್ಲೇ ತುಕ್ಕು ಹಿಡಿದ ಉಗಿ ಎಂಜಿನ್ ಒಂದಿದೆ. ಸೋಲ್‌ನಿಂದ ಚೀನಾ ಗಡಿಯ ಶಿನುಯಿಜು ಮುಟ್ಟುತ್ತಿದ್ದ ರೈಲು ಮಾರ್ಗದ ಮೇಲೆ 1950ರ ಡಿಸೆಂಬರ್ 31ರಂದು ಗುಂಡಿನೇಟು ತಿಂದು ನಿಂತ ಈ ಎಂಜಿನ್, ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಯಾರೂ ಕಾಲಿಡದ ಪ್ರದೇಶದಲ್ಲೇ ಉಳಿದಿತ್ತು. ಮೈಮೇಲೆ 1,020 ಗುಂಡಿನ ಗುರುತುಗಳಿವೆಯಂತೆ. ಅದರ ಮೇಲೆ ಬೇರುಬಿಟ್ಟು ಬೆಳೆದಿದ್ದ ಒಂದು ಹಿಪ್ಪುನೇರಳೆ ಗಿಡವನ್ನು ಎಂಜಿನ್ನಿನ ಜೊತೆಗೇ ತಂದು ಪಕ್ಕದಲ್ಲಿ ನೆಟ್ಟಿದ್ದಾರೆ. ರಾಮನಗರ, ಕೊಳ್ಳೇಗಾಲದ ಕಡೆ ಕೆಲಸ ಮಾಡಿದ ನನಗೆ ಆ ಎಲೆ ದೂರದಿಂದಲೇ ಗುರುತು ಸಿಕ್ಕಿತು.

ಮುಂದಕ್ಕೆ ಸ್ವಂತ ಕಾರಿನಲ್ಲಿ ಬಿಡುವುದಿಲ್ಲ. ಪಾಸ್‌ಪೋರ್ಟ್ ತೋರಿಸಿ ಟಿಕೆಟು ಕೊಂಡು ಬಸ್ಸು ಹತ್ತಬೇಕು. ಏಕೀಕರಣ ಸೇತುವೆಯ ಬಾಯಲ್ಲಿ ಹುಡುಗು ಮುಖದ ಸೈನಿಕನೊಬ್ಬ ಬಸ್ಸಿನೊಳಗೆ ಬಂದು ಒಂದೊಂದೇ ಮುಖವನ್ನು ಪಾಸ್‌ಪೋರ್ಟಿನ ಚಿತ್ರಕ್ಕೆ ಹೋಲಿಸಿ ನೋಡಿದ. ಇದೇ ಸೇತುವೆಯ ಮೇಲೆ 1998ರ ಜೂನ್ 16ರಂದು ಹ್ಯುಂಡೈ ಸಂಸ್ಥಾಪಕ ಚುಂಗ್ ಜು ಯುಂಗ್ 500 ದನಗಳನ್ನು ಲಾರಿಗಳಲ್ಲಿ ಹೇರಿಕೊಂಡು ಉತ್ತರಕ್ಕೆ ಹೋದರು. ಅವರ ಹುಟ್ಟೂರು ಈಗ ಉತ್ತರದಲ್ಲಿರುವ ತೊಂಗ್‌ಚೊನ್. ಹುಡುಗನಾಗಿದ್ದಾಗ ಅಪ್ಪ ದನ ಮಾರಿ ತಂದಿಟ್ಟಿದ್ದ ಹಣವನ್ನು ಕದ್ದು ಸೋಲ್‌ಗೆ ಓಡಿಬಂದಿದ್ದವರು, ಎಂಬತ್ತು ದಾಟಿದ ಮೇಲೆ ಅದನ್ನು ಬಡ್ಡಿ ಸಮೇತ ತೀರಿಸಲು ಹೊರಟಿದ್ದರು. ಅಕ್ಟೋಬರಿನಲ್ಲಿ ಇನ್ನೂ 501 ದನ ಕಳಿಸಿ ಒಟ್ಟು 1,001 ಮಾಡಿದರು. ಸಾವಿರಕ್ಕೆ ನಿಲ್ಲಿಸಿದರೆ ಲೆಕ್ಕ ಮುಗಿದಂತೆ, ಒಂದು ಹೆಚ್ಚಿದ್ದರೆ ಹೊಸ ಲೆಕ್ಕ ಶುರುವಾದಂತೆ ಎಂಬ ಭಾವನೆ ಅದರ ಹಿಂದಿತ್ತಂತೆ. ನಮ್ಮ ಮುಯ್ಯಿಯ ನೂರಾ ಒಂದು ರೂಪಾಯಿಯ ತರ್ಕವೇ ಇದು.

1978ರಲ್ಲಿ ಪತ್ತೆಯಾದ ಮೂರನೇ ಸುರಂಗವನ್ನು ಹಳದಿ ಶಿರಸ್ತ್ರಾಣ ಹಾಕಿಕೊಂಡು ಇಳಿದು ನೋಡಿದೆವು. ದಕ್ಷಿಣಕ್ಕೆ ಗುಟ್ಟಾಗಿ ಸೇನೆ ನುಗ್ಗಿಸಲೆಂದು ಉತ್ತರದವರು ಗಡಿಯಡಿಯಲ್ಲಿ, ನೆಲದಿಂದ 73 ಮೀಟರ್ ಕೆಳಗೆ, 1,635 ಮೀಟರ್ ಉದ್ದ ಕೊರೆದ ದಾರಿ ಅದು. ಸಿಕ್ಕಿಬಿದ್ದಾಗ ಇದು ಕಲ್ಲಿದ್ದಲಿನ ಗಣಿ ಎಂದು ವಾದಿಸಲು ಗೋಡೆಗೆ ಮಸಿ ಬಳಿದಿದ್ದರು. ಗ್ರಾನೈಟ್ ಬಂಡೆಯ ಮೇಲಿನ ಆ ಕರಿ ಈಗಲೂ ಅಲ್ಲಲ್ಲಿ ಇದೆ. ಎತ್ತರ ಸಾಲದೆ ಎರಡು ಸಲ ತಲೆ ಬಡಿದುಕೊಂಡೆ ಎಂಬುದನ್ನು ಬಿಟ್ಟರೆ ಸುರಂಗದ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಡೋರಾ ವೀಕ್ಷಣಾಲಯದ ಮಾಳಿಗೆಯಿಂದ ಗಡಿ ಕಾಣುತ್ತದೆ ಎಂದು ಬರೆಯಬೇಕೆಂದರೆ ಬರೆಯಲಾರೆ, ಏಕೆಂದರೆ ಗಡಿಯಲ್ಲಿ ಬೇಲಿಯೇ ಇಲ್ಲ. ಸುಮಾರು 248 ಕಿಲೋಮೀಟರ್ ಉದ್ದದ ಈ ಸೇನಾ ವಿಭಜನಾ ರೇಖೆಯ ಮೇಲೆ ನೆಟ್ಟದ್ದು 1,292 ತಗಡಿನ ಫಲಕಗಳನ್ನು ಮಾತ್ರ; ದಕ್ಷಿಣದ ಮುಖಕ್ಕೆ ಕೊರಿಯನ್ ಮತ್ತು ಇಂಗ್ಲಿಷ್, ಉತ್ತರದ ಮುಖಕ್ಕೆ ಕೊರಿಯನ್ ಮತ್ತು ಚೀನೀ ಬರಹ. ಒಂದು ಕಾಲದಲ್ಲಿ ಹಳದಿಯಾಗಿದ್ದ ಅವು ತುಕ್ಕು ಹಿಡಿದು ಪೊದೆಗಳಲ್ಲಿ ಮುಳುಗಿವೆ. ಟಿವಿಯಲ್ಲಿ ತೋರಿಸುವ ತಂತಿಬೇಲಿಗಳೆಲ್ಲ ಅದರಿಂದ ಸುಮಾರು ತಲಾ 2 ಕಿಲೋಮೀಟರ್ ಹಿಂದಕ್ಕೆ, ಎರಡೂ ಬದಿಯಲ್ಲಿವೆ. ನಡುವಿನ ಸುಮಾರು 4 ಕಿಲೋಮೀಟರ್ ಅಗಲದ ಪಟ್ಟಿಗೆ ಸೇನಾರಹಿತ ವಲಯ ಎಂದು ಹೆಸರು. ಅದರ ಇಕ್ಕೆಲಗಳಲ್ಲಿರುವಷ್ಟು ಸೇನೆ ಜಗತ್ತಿನ ಬೇರೆಡೆ ಒಟ್ಟಿಗೆ ಸೇರಿರುವುದು ಅಪರೂಪ. ದಕ್ಷಿಣದ ಡೇಸಾಂಗ್‌ಡೊಂಗ್ ಹಳ್ಳಿಯಲ್ಲಿ ಸುಮಾರು 100 ಮೀಟರ್ ಎತ್ತರದ ಧ್ವಜಸ್ತಂಭ ನಿಲ್ಲಿಸಿದರೆಂದು ಉತ್ತರದವರು ಎದುರಿನ ಕಿಜೊಂಗ್‌ಡೊಂಗ್‌ನಲ್ಲಿ 160 ಮೀಟರಿನದನ್ನು ನಿಲ್ಲಿಸಿದರು. ಅವೆರಡೂ ಚೆನ್ನಾಗಿ ಕಾಣುತ್ತವೆ. ಗಡಿಯಾಚೆಗೆ ಪ್ರಚಾರ ಕೂಗುತ್ತಿದ್ದ ಧ್ವನಿವರ್ಧಕಗಳು ಆ ವರ್ಷದ ಜೂನ್‌ನಲ್ಲಿ ಎರಡೂ ಕಡೆ ನಿಂತದ್ದರಿಂದ ಆ ಮಧ್ಯಾಹ್ನ ಹಕ್ಕಿಗಳ ಸದ್ದಷ್ಟೇ ಇತ್ತು. ದೂರದಲ್ಲಿ ಉತ್ತರದ ಕೇಸಾಂಗ್ ನಗರ. ಇತ್ತ ಅದರ ಕೈಗಾರಿಕಾ ವಲಯದ ಮುಚ್ಚಿದ ಕಾರ್ಖಾನೆಗಳು. 2004ರಿಂದ 2016ರವರೆಗೆ ಅಲ್ಲಿ ದಕ್ಷಿಣದ ಕಂಪನಿಗಳಲ್ಲಿ ಉತ್ತರದ ಕಾರ್ಮಿಕರು ದುಡಿಯುತ್ತಿದ್ದರು. ಅಲ್ಲೇ ಇದ್ದ ಎರಡೂ ಸರ್ಕಾರಗಳ ಸಂಪರ್ಕ ಕಚೇರಿಯನ್ನು 2020ರಲ್ಲಿ ಉತ್ತರ ಕೊರಿಯಾ ಸಿಡಿಸಿ ಕೆಡವಿತು.

ಪಾನ್‌ಮುನ್‌ಜೋಮ್‌ಗೆ ಹೋಗಲು ನಮಗೆ ಅವಕಾಶ ಸಿಗಲಿಲ್ಲ. ಕದನವಿರಾಮಕ್ಕೆ ಸಹಿ ಬಿದ್ದ ಆ ಜಾಗದ ದಿಕ್ಕನ್ನು ಅಳಿಯ ಕೈಚಾಚಿ ತೋರಿಸಿದ. ಕದನವಿರಾಮದ ಮಾತುಕತೆ 1951ರ ಜುಲೈಯಲ್ಲೇ ಶುರುವಾಗಿ, ಎರಡು ವರ್ಷ ಎಳೆದಾಡಿದ್ದಕ್ಕೆ ಮುಖ್ಯ ಕಾರಣ ಯುದ್ಧಕೈದಿಗಳು. ಸಾವಿರಾರು ಚೀನೀ ಮತ್ತು ಉತ್ತರ ಕೊರಿಯನ್ ಕೈದಿಗಳು ತಮ್ಮ ದೇಶಕ್ಕೆ ಮರಳಲು ಒಪ್ಪಲಿಲ್ಲ. ಅವರನ್ನು ಬಲವಂತವಾಗಿ ಕಳಿಸಬೇಕೇ, ಬೇಡವೇ? ಈ ಗಂಟು ಬಿಚ್ಚಲು ವಿಶ್ವಸಂಸ್ಥೆಯಲ್ಲಿ ಭಾರತ ಮುಂದಿಟ್ಟ ಸಲಹೆಯಿಂದ ತಟಸ್ಥ ರಾಷ್ಟ್ರಗಳ ಆಯೋಗ ಹುಟ್ಟಿತು. ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಜೆಕೊಸ್ಲೊವಾಕಿಯಾ ಸದಸ್ಯರು, ಭಾರತದ ತಿಮ್ಮಯ್ಯ ಅಧ್ಯಕ್ಷರು. ಕೈದಿಗಳ ಕಾವಲಿಗೆ ಮೇಜರ್ ಜನರಲ್ ಥೋರಟ್ ಅವರ ಕೈಕೆಳಗೆ ಐದು ಸಾವಿರಕ್ಕೂ ಹೆಚ್ಚು ಭಾರತೀಯ ಸೈನಿಕರು. ದಕ್ಷಿಣದ ಅಧ್ಯಕ್ಷ ಸಿಂಗ್‌ಮನ್ ರೀ ಅವರಿಗೆ ಭಾರತದ ತಟಸ್ಥ ನೀತಿಯ ಮೇಲೆ ಎಷ್ಟು ಸಿಟ್ಟೆಂದರೆ, ಭಾರತೀಯರು ತಮ್ಮ ನೆಲ ತುಳಿಯಕೂಡದೆಂದರು. ಹಾಗಾಗಿ ಅಷ್ಟೂ ಜನರನ್ನು ಅಮೆರಿಕದ ಹೆಲಿಕಾಪ್ಟರುಗಳು ಇಂಚಾನ್ ಬಂದರಿನ ಕಡೆಯಿಂದ ಎತ್ತಿಕೊಂಡು ತಂದು ಸೇನಾರಹಿತ ವಲಯದಲ್ಲೇ ಇಳಿಸಿದವು. ಬೀಡುಬಿಟ್ಟ ಜಾಗಕ್ಕೆ ನಮ್ಮವರು ಇಟ್ಟ ಹೆಸರು ‘ಹಿಂದ್ ನಗರ’.

ದಕ್ಷಿಣದ ಕಡೆಯವರ ಸೆರೆಯಲ್ಲಿದ್ದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಕೈದಿಗಳು, ಉತ್ತರದ ಕಡೆಯವರ ಸೆರೆಯಲ್ಲಿದ್ದ 359 ಕೈದಿಗಳು. ಒಬ್ಬೊಬ್ಬನನ್ನೂ ಡೇರೆಗೆ ಕರೆತಂದು, ಅವನ ದೇಶದ ಪ್ರತಿನಿಧಿ ಮರಳಿ ಬಾ ಎಂದು ತಿಳಿಹೇಳಿದ ಮೇಲೆ, ಒಂದು ಬಾಗಿಲಿಂದ ಹೊರಟರೆ ಊರಿಗೆ, ಇನ್ನೊಂದರಿಂದ ಹೊರಟರೆ ಮತ್ತೆ ಶಿಬಿರಕ್ಕೆ. ತೊಂಬತ್ತು ದಿನಗಳ ಈ ಏರ್ಪಾಡು ಗಲಾಟೆ, ಬಹಿಷ್ಕಾರ, ಶಿಬಿರದೊಳಗಿನ ಮುಖಂಡರ ಬೆದರಿಕೆಗಳ ನಡುವೆ ಕುಂಟುತ್ತ ಸಾಗಿ, ಬಹುಪಾಲು ಕೈದಿಗಳು ಆ ಡೇರೆಯೊಳಗೆ ಕಾಲಿಡುವ ಮೊದಲೇ 1953ರ ಡಿಸೆಂಬರ್ 23ಕ್ಕೆ ಮುಗಿಯಿತು. ಉಳಿದವರನ್ನು ಹಿಡಿದವರಿಗೇ ಹಿಂದಿರುಗಿಸುವ ನಿರ್ಧಾರ ತಿಮ್ಮಯ್ಯನವರ ಮೇಲೆ ಬಿತ್ತು. ಎರಡೂ ಕಡೆಯವರೂ ಬೈದರು. ಉತ್ತರವೂ ಬೇಡ, ದಕ್ಷಿಣವೂ ಬೇಡ ಎಂದ 88 ಜನ ಮಾತ್ರ ಭಾರತೀಯ ಪಡೆಯೊಂದಿಗೆ ಹಡಗು ಹತ್ತಿ ಮದ್ರಾಸಿಗೆ ಬಂದರು, ಮುಂದೆ ಹಲವರು ಬ್ರೆಜಿಲ್, ಅರ್ಜೆಂಟೀನಾಗಳಿಗೆ ಹೋದರು. ಗೆರೆಯ ಎರಡೂ ಬದಿಯನ್ನು ಒಲ್ಲೆನೆಂದ ಆ 88 ಮಂದಿಯ ಬಗ್ಗೆ ನಾನು ದಾರಿಯುದ್ದಕ್ಕೂ ಯೋಚಿಸಿದೆ. ತಿಮ್ಮಯ್ಯನವರು ಕೊನೆಯುಸಿರೆಳೆದದ್ದೂ, 1965ರಲ್ಲಿ, ಇಬ್ಭಾಗದ ಹಾದಿಯಲ್ಲಿದ್ದ ಸೈಪ್ರಸ್ ದ್ವೀಪದಲ್ಲಿ, ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿ.

ಮೂರನೇ ದಿನ: ಚೊರ್‌ವೊನ್

ಪೂರ್ವಕ್ಕೆ ಹೊರಟು ಯೊಂಚೊನ್ ಜಿಲ್ಲೆಯನ್ನು ಹಾಯುವಾಗ ರಸ್ತೆ ಬದಿಯಲ್ಲಿ ‘38’ ಎಂದು ಕೆತ್ತಿದ ಒಂದು ಕಲ್ಲು ಸಿಕ್ಕಿತು. ಕಾರು ನಿಲ್ಲಿಸಲು ಹೇಳಿದೆ.

‘ಇದು ಗಡಿಯಲ್ಲವೇನೋ?’

‘ಆಗ ಗಡಿಯಾಗಿತ್ತು ಮಾಮ. ಈಗ ಇನ್ನೂ ಉತ್ತರಕ್ಕಿದೆ. ಇಲ್ಲಿಂದ ಮುಂದೆ ನೀವು ನೋಡುವ ಊರುಗಳೆಲ್ಲ ಯುದ್ಧಕ್ಕೆ ಮುಂಚೆ ಉತ್ತರ ಕೊರಿಯಾ’ ಎಂದ.

ಈ ಯಾತ್ರೆಯ ಕೀಲಿಕೈ ನನಗೆ ಸಿಕ್ಕಿದ್ದು ಆ ಕಲ್ಲಿನ ಬಳಿ. ಕೊರಿಯಾಕ್ಕಿರುವುದು ಒಂದು ಗಡಿಯಲ್ಲ, ಎರಡು. ಮೊದಲನೆಯದು 1945ರ ಅಕ್ಷಾಂಶ, ಅಳತೆಗೋಲಿಟ್ಟು ಎಳೆದ ನೇರ ಗೆರೆ. 1950ರ ಜೂನ್ 25ರಂದು ಉತ್ತರದ ಸೇನೆ ಅದನ್ನು ದಾಟಿತು. ಮೂರೇ ದಿನಕ್ಕೆ ಸೋಲ್ ಬಿತ್ತು. ಆಮೇಲೆ ಯುದ್ಧರಂಗ ದಕ್ಷಿಣದ ತುದಿಯ ಪೂಸಾನ್ ಬಳಿಗೂ, ಉತ್ತರದ ಯಾಲು ನದಿಯ ದಡಕ್ಕೂ ಬೀಸಿ, ಚೀನಾದ ಸೇನೆ ಬಂದ ಮೇಲೆ ಮತ್ತೆ ನಡುವಿಗೆ ಬಂದು ನಿಂತಿತು. 1953ರ ಜುಲೈ 27ರ ಬೆಳಿಗ್ಗೆ 10 ಗಂಟೆಗೆ ಕದನವಿರಾಮಕ್ಕೆ ಸಹಿ ಬಿದ್ದು, ರಾತ್ರಿ 10 ಗಂಟೆಗೆ ಬಂದೂಕುಗಳು ಸುಮ್ಮನಾದಾಗ ಯಾರ ಕಾಲು ಎಲ್ಲಿತ್ತೋ ಅದೇ ಎರಡನೆಯ ಗಡಿಯಾಯಿತು. ಸಿಂಗ್‌ಮನ್ ರೀ ಅವರ ವಿರೋಧದಿಂದ ದಕ್ಷಿಣ ಕೊರಿಯಾ ಸಹಿ ಹಾಕಲೇ ಇಲ್ಲ. ಶಾಂತಿ ಒಪ್ಪಂದ ಇವತ್ತಿಗೂ ಆಗಿಲ್ಲ. ಈ ಹೊಸ ಗೆರೆ ಪಶ್ಚಿಮದಲ್ಲಿ ಅಕ್ಷಾಂಶಕ್ಕಿಂತ ಕೆಳಗೆ, ಪೂರ್ವದಲ್ಲಿ ಮೇಲೆ, ಓರೆಯಾಗಿ ಹೋಗುತ್ತದೆ. ಹಾಗಾಗಿ ಯುದ್ಧಕ್ಕೆ ಮುಂಚೆ ದಕ್ಷಿಣದಲ್ಲಿದ್ದ, ಗೊರ್ಯೊ ಅರಸರ ಹಳೆಯ ರಾಜಧಾನಿ ಕೇಸಾಂಗ್ ಉತ್ತರಕ್ಕೆ ಸೇರಿತು; ಉತ್ತರದಲ್ಲಿದ್ದ ಚೊರ್‌ವೊನ್, ಯಾಂಗ್‌ಗು, ಸೊಕ್‌ಚೊ ದಕ್ಷಿಣಕ್ಕೆ ಬಂದವು. ಗಡಿ ದಾಟಿದವರ ಕಥೆಗಳನ್ನು ನಾವೆಲ್ಲ ಕೇಳಿದ್ದೇವೆ. ಇಲ್ಲಿ ಕೆಲವರನ್ನು, ಅವರು ಹೊಸ್ತಿಲು ಬಿಟ್ಟು ಕದಲದಿದ್ದರೂ, ಗಡಿಯೇ ದಾಟಿಹೋಗಿದೆ.

ಚೊರ್‌ವೊನ್ ಬಯಲು ಕಂಡಾಗ ಮಂಡ್ಯದ ನಾಲೆ ಬಯಲು ನೆನಪಾಯಿತು. ಕಣ್ಣು ಹಾಯುವಷ್ಟು ದೂರ ಭತ್ತ, ಅರ್ಧ ಕೊಯ್ಲಾಗಿತ್ತು. ಇಲ್ಲಿನ ‘ಓಡೆ’ ಅಕ್ಕಿ ದೇಶಕ್ಕೆಲ್ಲ ಹೆಸರುವಾಸಿ. ಈ ಬಯಲು ಕೈತಪ್ಪಿದ್ದಕ್ಕೆ ಉತ್ತರದ ನಾಯಕ ಕಿಮ್ ಇಲ್ ಸುಂಗ್ ಮೂರು ದಿನ ಅತ್ತರೆಂದು ಊರಿನವರು ಹೇಳುತ್ತಾರೆ. ದಂತಕಥೆಯೇ ಇರಬಹುದು, ಆದರೆ ಅನ್ನದ ನೆಲ ಕಳೆದುಕೊಂಡವನು ಅಳುತ್ತಾನೆಂದು ರೈತರಿಗೆ ಅನ್ನಿಸುವುದು ಸಹಜವೇ.

ಹಳೆಯ ಚೊರ್‌ವೊನ್ ಪೇಟೆ ಯುದ್ಧದಲ್ಲಿ ನೆಲಸಮವಾಯಿತು. ಉಳಿದಿರುವುದರಲ್ಲಿ ಎದ್ದುಕಾಣುವುದು, 1946ರಲ್ಲಿ ಉತ್ತರದ ಆಡಳಿತದಲ್ಲಿ ಕಟ್ಟಿದ ಕಾರ್ಮಿಕ ಪಕ್ಷದ ಮೂರಂತಸ್ತಿನ ಕಚೇರಿಯ ಅಸ್ಥಿಪಂಜರ. ಅದನ್ನು ಕಟ್ಟಲು ಸುತ್ತಲಿನ ಹಳ್ಳಿಗಳಿಂದ ಅಕ್ಕಿಯನ್ನೂ ಬಿಟ್ಟಿ ದುಡಿಮೆಯನ್ನೂ ಎತ್ತಿದ್ದರು. ಸೋವಿಯೆತ್ ಮಾದರಿಯ ಕಂಬಗಳು, ಮೈತುಂಬ ಗುಂಡಿನ ತೂತು, ಮೆಟ್ಟಿಲ ಮೇಲೆ ಟ್ಯಾಂಕು ಹತ್ತಿದ ಗುರುತು. ಊಟಕ್ಕೆ ಹೋದ ಮನೆಯ ಒಡತಿ ತನ್ನ ಅತ್ತೆಯ ಮಾತು ತೆಗೆದಳು; ಅಳಿಯ ಕನ್ನಡಕ್ಕೆ ತಿರುಗಿಸಿ ಹೇಳಿದ. ಅತ್ತೆ ಹುಟ್ಟಿದ್ದು ಜಪಾನಿನ ಆಳ್ವಿಕೆಯಲ್ಲಿ. ಶಾಲೆಗೆ ಹೋದದ್ದು ಉತ್ತರ ಕೊರಿಯಾದಲ್ಲಿ. ಮದುವೆಯಾದದ್ದು ವಿಶ್ವಸಂಸ್ಥೆಯ ಸೇನಾಡಳಿತದಲ್ಲಿ, ಏಕೆಂದರೆ ಈ ಜಿಲ್ಲೆಗಳು ದಕ್ಷಿಣದ ಸರ್ಕಾರದ ಕೈಗೆ ಬಂದದ್ದು 1954ರ ನವೆಂಬರಿನಲ್ಲಿ. ತೀರಿಕೊಂಡದ್ದು ದಕ್ಷಿಣ ಕೊರಿಯಾದಲ್ಲಿ. ಅಷ್ಟೂ ಬದುಕು ನಾಲ್ಕು ಮೈಲಿಯೊಳಗೆ. ಅದಕ್ಕಿಂತ ಕಷ್ಟದ್ದು ನಂತರದ ದಿನಗಳು: ಉತ್ತರದ ಆಡಳಿತದಲ್ಲಿ ಐದು ವರ್ಷ ಬದುಕಿದವರ ಮೇಲೆ ದಕ್ಷಿಣದ ಅಧಿಕಾರಿಗಳಿಗೆ ಬಹಳ ಕಾಲ ಅನುಮಾನ ಹೋಗಲಿಲ್ಲ, ಅತ್ತೆ ಶಾಲೆಯಲ್ಲಿ ಕಲಿತ ಹಾಡುಗಳನ್ನು ಮಕ್ಕಳೆದುರಿಗೂ ಗುನುಗುತ್ತಿರಲಿಲ್ಲವಂತೆ.

ಮಧ್ಯಾಹ್ನ ಹಂತಾನ್ ನದಿಯ ಮೇಲಿನ ಸುಂಗಿಲ್ ಸೇತುವೆ. ಸ್ಮಾರಕಗಳೆಲ್ಲ ಒಂದು ತೂಕವಾದರೆ ನನಗೆ ಇದೊಂದೇ ಒಂದು ತೂಕ. 1948ರಲ್ಲಿ ಉತ್ತರ ಕೊರಿಯಾ ಇದನ್ನು ಕಟ್ಟಲು ಶುರುಮಾಡಿ ಅರ್ಧಕ್ಕೆ ಬಿಟ್ಟಿತು. ಯುದ್ಧವಾಗಿ ಊರು ಕೈಬದಲಾದ ಮೇಲೆ ದಕ್ಷಿಣ ಕೊರಿಯಾ ಉಳಿದರ್ಧವನ್ನು 1958ರಲ್ಲಿ ಮುಗಿಸಿತು. ಒಂದು ಬದಿಯ ಕಮಾನು, ಅದರ ಮೇಲಿನ ಗೂಡುಗಳು ದುಂಡಗೆ; ಇನ್ನೊಂದು ಬದಿಯವು ಚೌಕ. ಸಿಂಗ್‌ಮನ್ ರೀ ಅವರ ಹೆಸರಿನ ‘ಸುಂಗ್’, ಕಿಮ್ ಇಲ್ ಸುಂಗ್ ಹೆಸರಿನ ‘ಇಲ್’ ಸೇರಿ ಸುಂಗಿಲ್ ಆಯಿತು ಎನ್ನುವವರಿದ್ದಾರೆ. ಅಲ್ಲ, ಯುದ್ಧದಲ್ಲಿ ಕಾಣೆಯಾದ ಪಾರ್ಕ್ ಸುಂಗ್ ಇಲ್ ಎಂಬ ಕರ್ನಲ್ ಹೆಸರು ಎಂದು ಸರ್ಕಾರಿ ಫಲಕ. ಜಗಳವಾಡಿದ ಇಬ್ಬರು ಮೇಸ್ತ್ರಿಗಳು ಒಬ್ಬರ ಮುಖ ಒಬ್ಬರು ನೋಡದೆ ಕಟ್ಟಿದ ಈ ಸೇತುವೆಯ ಎರಡು ತುದಿಗಳು ನಡುವಿನಲ್ಲಿ ಒಂದಿಷ್ಟೂ ಹೆಚ್ಚುಕಡಿಮೆಯಿಲ್ಲದೆ ಕೂಡಿಕೊಂಡಿವೆ. ವಾಹನಗಳಿಗೆ ಪಕ್ಕದಲ್ಲಿ ಹೊಸ ಸೇತುವೆಯಿದೆ. ನಾನು ಹಳೆಯದರ ಮೇಲೆ ಮೂರು ಸಲ ಅತ್ತಿಂದಿತ್ತ ನಡೆದು ಕೂಡುಗೆರೆಯನ್ನು ಕೈಯಿಂದ ಸವರಿ ನೋಡಿದೆ.

ಸಂಜೆ ಬಿಳಿಕುದುರೆ ಗುಡ್ಡದ ಸ್ಮಾರಕ. 395 ಮೀಟರಿನ ಸಾಧಾರಣ ಗುಡ್ಡ. ಸಹಿಯ ದಿನ ಕಾಲು ಎಲ್ಲಿರುತ್ತದೋ ಅದೇ ಗಡಿ ಎಂದು ಮಾತಾದ್ದರಿಂದ, ಒಪ್ಪಂದ ಹತ್ತಿರವಾದಷ್ಟೂ ಇಂಥ ಒಂದೊಂದು ದಿಬ್ಬಕ್ಕೂ ಬಡಿದಾಟ ಹೆಚ್ಚಿತು. 1952ರ ಅಕ್ಟೋಬರಿನಲ್ಲಿ ಹತ್ತು ದಿನ ದಕ್ಷಿಣದವರೂ ಚೀನೀಯರೂ ಈ ಗುಡ್ಡವನ್ನು ಮತ್ತೆ ಮತ್ತೆ ಕಿತ್ತುಕೊಂಡರು. ಫಿರಂಗಿಯ ಏಟಿಗೆ ಮರಗಿಡ ಸುಟ್ಟು, ತುದಿ ಬೋಳಾಗಿ, ಮಲಗಿದ ಬಿಳಿಕುದುರೆಯಂತೆ ಕಂಡಿದ್ದರಿಂದ ಈ ಹೆಸರು. ಒಂದು ಪೋಡಿಗೆ ಇಷ್ಟು ಬೆಲೆ.

ನಾಲ್ಕನೇ ದಿನ: ಹೇಆನ್ ಬಟ್ಟಲು

ದಾರಿಯೆಲ್ಲ ಘಟ್ಟ, ಸುರಂಗಮಾರ್ಗ, ಸೇನಾ ಲಾರಿಗಳು. ಯಾಂಗ್‌ಗು ಜಿಲ್ಲೆಯ ಹೇಆನ್, ಸುತ್ತ ಬೆಟ್ಟಗಳ ನಡುವೆ ಬೋಗುಣಿಯಂತಿರುವ ಕಣಿವೆ. ಯುದ್ಧಕಾಲದ ವಿದೇಶಿ ಪತ್ರಕರ್ತರು ‘ಪಂಚ್‌ಬೌಲ್’ ಎಂದು ಕರೆದದ್ದೇ ಉಳಿದುಕೊಂಡಿದೆ. ಕಾಲುದಾರಿಯ ಬದಿಗಳಲ್ಲಿ ತಂತಿಗೆ ಕೆಂಪು ತ್ರಿಕೋನದ ತಗಡು ನೇತುಹಾಕಿದ್ದಾರೆ: ‘ನೆಲಬಾಂಬ್’. ಅದರಾಚೆಯ ಕಾಡು ಎಪ್ಪತ್ತು ವರ್ಷಗಳಿಂದ ಯಾರೂ ಸೌದೆಗೂ ಹೋಗದ್ದರಿಂದ ದಟ್ಟವಾಗಿದೆ. ನಾಲ್ಕನೇ ಸುರಂಗದ ಬಾಗಿಲಲ್ಲಿ ಒಂದು ನಾಯಿಯ ಪ್ರತಿಮೆಯಿದೆ. 1990ರಲ್ಲಿ ಸುರಂಗ ಶೋಧಿಸುವಾಗ ಮುಂದೆ ನಡೆದು, ನೆಲಬಾಂಬ್ ತುಳಿದು ಸತ್ತು, ಹಿಂದಿದ್ದ ಸೈನಿಕರನ್ನು ಉಳಿಸಿದ ನಾಯಿ.

ನನಗೆ ಇಲ್ಲಿ ಆಸಕ್ತಿ ಹುಟ್ಟಿಸಿದ್ದು ಪಹಣಿಯ ಕಥೆ. ಯುದ್ಧದಲ್ಲಿ ಈ ಕಣಿವೆಯ ಮೂಲನಿವಾಸಿಗಳಲ್ಲಿ ಅನೇಕರು ಉತ್ತರಕ್ಕೆ ಹೋದರು, ದಾಖಲೆಗಳು ಸುಟ್ಟವು. ಖಾಲಿ ನೆಲ ಕಂಡರೆ ಉತ್ತರದವರ ಎದುರು ಸೋತಂತೆ ಕಾಣುತ್ತದೆಂದು ದಕ್ಷಿಣ ಸರ್ಕಾರ 1956ರಲ್ಲಿ ಬೇರೆಡೆಯ ಕುಟುಂಬಗಳನ್ನು ತಂದು ನೆಲೆಯೂರಿಸಿತು. ಅವರು ಕಲ್ಲು ಆಯ್ದು, ಬಾಂಬು ತುಳಿದು ಕೈಕಾಲು ಕಳೆದುಕೊಂಡು, ನೆಲ ಹದ ಮಾಡಿದರು. ಆದರೆ ಖಾತೆ ಮಾತ್ರ ಅವರ ಹೆಸರಿಗೆ ಆಗಲಿಲ್ಲ. ಕಾಗದದ ಮೇಲೆ ಒಡೆಯ ಆಚೆಗಿದ್ದಾನೆ, ಬರಲಾರ, ಆದರೂ ಒಡೆಯನೇ. ವಾರಸುದಾರರಿಲ್ಲದ ಈ ಜಮೀನಿನ ಗೋಜಲು ಬಿಡಿಸಲು ಕಾನೂನಿಗೆ ತಿದ್ದುಪಡಿ ಬಂದದ್ದು 2020ರಲ್ಲಿ. ಅರವತ್ತು ವರ್ಷ ಮೀರಿ ಉತ್ತು ಬಿತ್ತಿದವರು ಅಷ್ಟು ದಿನ ಬಗರ್‌ಹುಕುಂ ಸಾಗುವಳಿದಾರರು! ಅರ್ಜಿ ನಮೂನೆಗಳ ಸಂಖ್ಯೆ ಬೇರೆ ಇರಬಹುದು, ತಾಲೂಕು ಕಚೇರಿಯ ಮುಂದಿನ ಬೆಂಚು ಎಲ್ಲ ಕಡೆಯೂ ಒಂದೇ. ಸಂಜೆ ಹೇಆನ್‌ನ ಒಣಮೂಲಂಗಿ ಸೊಪ್ಪಿನ ಸಾರು ಉಂಡು ಬೇಗ ಮಲಗಿದೆವು.

ಐದನೇ ದಿನ: ಪೂರ್ವದ ಕಡಲು

ಜಿನ್‌ಬುರ್ಯೊಂಗ್ ಘಟ್ಟ ಇಳಿದರೆ ಗೊಸಂಗ್ ಜಿಲ್ಲೆ, ಎದುರಿಗೆ ಕಡಲು. ಈ ಜಿಲ್ಲೆಯೇ ಎರಡು ಹೋಳು. ಗೆರೆಯ ಆಚೆಯೂ ಗೊಸಂಗ್ ಎಂಬ ಹೆಸರಿನ ಜಿಲ್ಲೆಯಿದೆ. ಏಕೀಕರಣ ವೀಕ್ಷಣಾಲಯದಿಂದ ನೋಡಿದರೆ ಬಿಳಿ ಮರಳಿನ ದಡ, ಅದರಗುಂಟ ಒಂದು ರಸ್ತೆ, ಒಂದು ರೈಲು ಹಳಿ, ಹಿನ್ನೆಲೆಯಲ್ಲಿ ಕೊರಿಯನ್ನರು ಕಾಶಿಯಂತೆ ಕಾಣುವ ಕುಂಗಾಂಗ್ ಪರ್ವತದ ತಪ್ಪಲು. 2003ರಿಂದ ದಕ್ಷಿಣದ ಪ್ರವಾಸಿಗರು ಈ ರಸ್ತೆಯಲ್ಲೇ ಆ ಪರ್ವತಕ್ಕೆ ಹೋಗುತ್ತಿದ್ದರು. 2008ರ ಜುಲೈಯಲ್ಲಿ ಪ್ರವಾಸಿ ಮಹಿಳೆಯೊಬ್ಬರು ಉತ್ತರದ ಸೈನಿಕನ ಗುಂಡಿಗೆ ಬಲಿಯಾದ ಮೇಲೆ ಅದು ನಿಂತಿತು. 2007ರಲ್ಲಿ ಒಂದು ಪ್ರಾಯೋಗಿಕ ರೈಲು ಓಡಿತ್ತು. 2024ರ ಅಕ್ಟೋಬರ್ 15ರಂದು ಉತ್ತರ ಕೊರಿಯಾ ಪೂರ್ವದಲ್ಲೂ ಪಶ್ಚಿಮದಲ್ಲೂ ತನ್ನ ಕಡೆಯ ರಸ್ತೆಗಳನ್ನು ಸಿಡಿಸಿತು. ಒಂದಾಗುವ ಮಾತನ್ನೇ ಕೈಬಿಟ್ಟಿದ್ದೇವೆ ಎಂದು ಅದರ ನಾಯಕ ಅದಕ್ಕೂ ಮುಂಚೆಯೇ ಘೋಷಿಸಿದ್ದ.

ಕುಂಗಾಂಗ್ ಪರ್ವತದಲ್ಲೇ ಬೇರ್ಪಟ್ಟ ಕುಟುಂಬಗಳ ಭೇಟಿಗಳು ನಡೆಯುತ್ತಿದ್ದವು. ಕೊನೆಯದು 2018ರ ಆಗಸ್ಟ್. ದಕ್ಷಿಣದಲ್ಲಿ ಹೆಸರು ಬರೆಸಿದವರು 1.3 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಮಂದಿ ಈಗಾಗಲೇ ತೀರಿಕೊಂಡಿದ್ದಾರೆ. ಅದೃಷ್ಟ ಒಲಿದವರಿಗೂ ಸಿಕ್ಕಿದ್ದು ಮೂರು ದಿನಗಳಲ್ಲಿ ಕೆಲವೇ ಗಂಟೆ, ಆಮೇಲೆ ಬಸ್ಸಿನ ಕಿಟಕಿ. ಗೆರೆ ದಕ್ಷಿಣದೊಳಗೂ ಎಷ್ಟು ಜನರನ್ನು ಚೆದುರಿಸಿತ್ತೆಂಬುದು 1983ರಲ್ಲಿ ಗೊತ್ತಾಯಿತು: ಕೆಬಿಎಸ್ ವಾಹಿನಿ ಒಂದು ರಾತ್ರಿಗೆಂದು ಶುರುಮಾಡಿದ ಹುಡುಕಾಟದ ನೇರಪ್ರಸಾರ 138 ದಿನ ನಡೆದು, 10,189 ಕುಟುಂಬಗಳನ್ನು ಸೇರಿಸಿತು. ಅವರಲ್ಲಿ ಹೆಚ್ಚಿನವರು ಒಂದೇ ದೇಶದಲ್ಲಿದ್ದೂ ಮೂವತ್ತು ವರ್ಷ ಒಬ್ಬರಿಗೊಬ್ಬರು ಸತ್ತರೆಂದೇ ಬದುಕಿದ್ದವರು.

ದಕ್ಷಿಣಕ್ಕೆ ತಿರುಗಿ ಹ್ವಾಜಿನ್‌ಪೊ ಸರೋವರದ ಬಳಿ ನಿಂತೆವು. ದಿಬ್ಬದ ಮೇಲೆ ಕಿಮ್ ಇಲ್ ಸುಂಗ್ ಬೇಸಿಗೆಯಲ್ಲಿ ತಂಗುತ್ತಿದ್ದ ಕಲ್ಲಿನ ಮನೆ; ಅದರ ಮೆಟ್ಟಿಲ ಮೇಲೆ 1948ರಲ್ಲಿ ಅವರ ಮಗ ಬಾಲಕ ಕಿಮ್ ಜೊಂಗ್ ಇಲ್ ಕುಳಿತ ಚಿತ್ರವನ್ನು ಅಲ್ಲೇ ತೂಗುಹಾಕಿದ್ದಾರೆ. ಗೆರೆ ಕದಲಿ ಊರು ದಕ್ಷಿಣಕ್ಕೆ ಬಂದದ್ದೇ ತಡ, ಅದೇ ನೀರಿನ ದಡದಲ್ಲಿ 1954ರಲ್ಲಿ ಸಿಂಗ್‌ಮನ್ ರೀ ತಮ್ಮ ಬಂಗಲೆ ಕಟ್ಟಿಸಿಕೊಂಡರು. ಲಕ್ಷಾಂತರ ಜನ ಒಬ್ಬರ ಮುಖ ಒಬ್ಬರು ಕಾಣದಂತೆ ಮಾಡಿದ ಇಬ್ಬರಿಗೂ ಹಿಡಿಸಿದ್ದು ಒಂದೇ ಸರೋವರದ ಗಾಳಿ.

ಕೊನೆಯ ತಂಗುದಾಣ ಸೊಕ್‌ಚೊ ನಗರದ ಅಬಾಯಿ ಕೇರಿ. 1951ರ ಚಳಿಗಾಲದಲ್ಲಿ ಹಿಮ್ಮೆಟ್ಟುವ ಸೇನೆಯ ಜೊತೆ ಉತ್ತರದ ಹಾಮ್‌ಗ್ಯೊಂಗ್ ಸೀಮೆಯಿಂದ ಬಂದವರು, ಯುದ್ಧ ಮುಗಿದೊಡನೆ ಹೋಗಲು ಹತ್ತಿರವಿರಲಿ ಎಂದು, ಯಾರಿಗೂ ಬೇಡವಾಗಿದ್ದ ಮರಳುದಿಬ್ಬದ ಮೇಲೆ ಗುಡಿಸಲು ಹಾಕಿಕೊಂಡರು. ಕೆಲವು ವಾರಗಳ ಮಾತೆಂದು ಗೋಡೆಯನ್ನೂ ಗಟ್ಟಿಯಾಗಿ ಕಟ್ಟಲಿಲ್ಲ. ‘ಅಬಾಯಿ’ ಎಂದರೆ ಅವರ ಸೀಮೆಯ ಮಾತಿನಲ್ಲಿ ಅಜ್ಜ, ಹಿರಿಯ. ಅಜ್ಜಂದಿರು ಹೋದರು, ಹೆಸರು ನಿಂತಿದೆ. ಸ್ಕ್ವಿಡ್ ಮೀನಿನೊಳಗೆ ಅಕ್ಕಿ ತುಂಬಿ ಬೇಯಿಸುವ ಅವರ ತಿನಿಸಿಗೆ ಈಗ ಪ್ರವಾಸಿಗರು ಸಾಲು ನಿಲ್ಲುತ್ತಾರೆ.

ಪೇಟೆಗೂ ಕೇರಿಗೂ ನಡುವೆ ಕೂಗಳತೆಯ ಅಗಲದ ಒಂದು ಕಾಲುವೆ. ಅದನ್ನು ದಾಟಲು ‘ಗೆಟ್‌ಬೆ’ ಎಂಬ ಚಪ್ಪಟೆ ದೋಣಿಯಿದೆ, ಎಂಜಿನ್ನಿಲ್ಲ, ಹುಟ್ಟಿಲ್ಲ. ದಡದಿಂದ ದಡಕ್ಕೆ ಕಟ್ಟಿದ ಉಕ್ಕಿನ ಹಗ್ಗಕ್ಕೆ ಕಬ್ಬಿಣದ ಕೊಕ್ಕೆ ಸಿಕ್ಕಿಸಿ, ಎಳೆದುಕೊಂಡು ಹೋಗಬೇಕು. ಅಂಬಿಗ ನನ್ನ ಕೈಗೂ ಒಂದು ಕೊಕ್ಕೆ ಕೊಟ್ಟ. ಸರಪಳಿ ಎಳೆದ ಅಭ್ಯಾಸದ ಕೈ. ದೋಣಿ ಸಲೀಸಾಗಿ ಸರಿಯಿತು. ಜೊತೆಗಿದ್ದ ಅಜ್ಜಿಯೊಬ್ಬರು ಮೀನಿನ ಚೀಲ ಕಾಲ ಬಳಿ ಇಟ್ಟುಕೊಂಡು, ನಾನು ಎಳೆಯುವ ರೀತಿ ನೋಡಿ ಏನೋ ಹೇಳಿ ನಕ್ಕರು.

‘ಏನಂದರು?’ ಎಂದೆ.

‘ಹೀಗೆ ಎಳೆದರೆ ನಿಮ್ಮೂರಿಗೇ ಹೋಗಿ ಮುಟ್ಟುತ್ತೀರಿ ಅಂತ, ಮಾಮ.’

ಎರಡೇ ನಿಮಿಷಕ್ಕೆ ಆಚೆ ದಡ ಬಂತು. ಅಜ್ಜಿ ಇಳಿದು ಹೋದರು. ನಾವಿಬ್ಬರೂ ಮತ್ತೆ ಐನೂರು ವಾನ್ ಕೊಟ್ಟು ಅದೇ ದೋಣಿಯಲ್ಲಿ ಈಚೆಗೆ ಬಂದೆವು.